ಜೆ.ಸಿ. ರಸ್ತೆಯ ಫ್ರೀ-ಫ್ಲೋ ಸೈಲೆನ್ಸರ್ ಕಿಟ್: ಹೊರಗಿನವರಿಗೆ ಒಂದು ಸದ್ದು, ಒಳಗಿನವರಿಗೆ ಇನ್ನೊಂದು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ‘ಯೂನಿವರ್ಸಲ್ ಫ್ರೀ-ಫ್ಲೋ ಕಿಟ್’ ಎಂಬ ಹೆಸರಿನಲ್ಲಿ ಒಂದು ಸೈಲೆನ್ಸರ್ ಮಾರಾಟವಾಗುತ್ತದೆ; ಫ್ರೀ-ಫ್ಲೋ ಎಂದರೆ ಹೊಗೆಗೆ ಅಡ್ಡಿಯಿಲ್ಲದ ದಾರಿ. ಯಾವ ಕಾರಿಗಾದರೂ ಹೊಂದುತ್ತದೆ, ಮನೆಯಲ್ಲೇ ಕೂರಿಸಿಕೊಳ್ಳಬಹುದು, ಸಣ್ಣ ಕಾರಿಗೂ ದೊಡ್ಡ ಎಂಜಿನ್ನಿನ ಸದ್ದು ಬರುತ್ತದೆ ಎಂಬ ಮೂರು ಭರವಸೆಗಳು ಅದರ ರಟ್ಟಿನ ಪೆಟ್ಟಿಗೆಯ ಮೇಲಿವೆ. ತಯಾರಿಸಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಇದನ್ನು 1.2 ಲೀಟರಿನ, ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ನಾನೇ ಕೂರಿಸಿ, ನಗರದ ಟ್ರಾಫಿಕ್ಕಿನಲ್ಲೂ ಹೆದ್ದಾರಿಯಲ್ಲೂ ಓಡಿಸಿ ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ಮೊದಲಿಗೆ, ಇದನ್ನು ಮಾರುವ ರೀತಿಯ ಬಗ್ಗೆಯೇ ಒಂದು ತಕರಾರಿದೆ. ಅಂಗಡಿಯ ಮುಂದೆ ಈ ಕಿಟ್ ಹಾಕಿಸಿಕೊಂಡ ಕಾರೊಂದು ನಿಂತಿರುತ್ತದೆ. ಗಿರಾಕಿ ವಿಚಾರಿಸಿದೊಡನೆ ಹುಡುಗನೊಬ್ಬ ಅದನ್ನು ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಆಕ್ಸಲರೇಟರನ್ನು ಒಂದೆರಡು ಸಲ ಜೋರಾಗಿ ಒತ್ತಿ ಬಿಡುತ್ತಾನೆ. ಗಿರಾಕಿ ಹಿಂದಿನ ಬಂಪರಿನ ಬಳಿ ನಿಂತು ಕೇಳಿ, ತಲೆದೂಗಿ, ದುಡ್ಡು ಎಣಿಸುತ್ತಾನೆ. ಆದರೆ ಕೊಂಡವನು ಕಾರಿನ ಹಿಂದೆ ನಿಂತು ಅದನ್ನು ಓಡಿಸುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿಕೊಂಡು ಒಳಗೆ ಕುಳಿತು, ಎಂಜಿನ್ನಿನ ಮೇಲೆ ಭಾರ ಬಿದ್ದಿರುವಾಗ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗ ಬರುವ ಸದ್ದು ಬೇರೆಯೇ ಆಗಿರುತ್ತದೆ, ಮತ್ತು ಆ ಸದ್ದನ್ನು ಅಂಗಡಿಯಲ್ಲಿ ಯಾರೂ ಕೇಳಿಸುವುದಿಲ್ಲ. ಈ ಕಿಟ್ಟಿನ ಗುಣವೂ ದೋಷವೂ ಇರುವುದು ಈ ಎರಡು ಸದ್ದುಗಳ ನಡುವಿನ ಅಂತರದಲ್ಲಿಯೇ.

ಪೆಟ್ಟಿಗೆಯೊಳಗೆ ಸುಮಾರು 14 ಇಂಚು ಉದ್ದದ, 4 ಇಂಚು ವ್ಯಾಸದ ದುಂಡನೆಯ ಮಫ್ಲರ್ (ಸದ್ದು ಅಡಗಿಸುವ ಡಬ್ಬಿ), ಹಿಂಬದಿಗೆ 3 ಇಂಚಿನ ತುದಿ, ಪೈಪಿನ ಅಳತೆ ಹೊಂದಿಸಲು ಎರಡು ರಿಡ್ಯೂಸರ್, ಮೂರು ಯು-ಬೋಲ್ಟ್ ಕ್ಲ್ಯಾಂಪ್, ಒಂದು ತೂಗುಪಟ್ಟಿ ಮತ್ತು ಅಲೆನ್ ಬೋಲ್ಟಿನಿಂದ ತುದಿಯಲ್ಲಿ ಸಿಕ್ಕಿಸುವ ಸದ್ದು ತಗ್ಗಿಸುವ ಬಿರಡೆ ಇವೆ. ಕೂರಿಸುವ ವಿಧಾನವನ್ನು ತಿಳಿಸುವ ಒಂದು ಹಾಳೆಯೂ ಇಲ್ಲ. ಇಡೀ ಕಿಟ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೆಂದು ಮುದ್ರಿಸಿದ್ದಾರೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಒಂದಿದ್ದರೆ ತಕ್ಕಮಟ್ಟಿಗೆ ಗೊತ್ತಾಗುತ್ತದೆ: 304ಕ್ಕೆ ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ, ಸಾಧಾರಣ ಕಬ್ಬಿಣಕ್ಕೂ ಕಾರು ಕಂಪನಿಗಳು ಸೈಲೆನ್ಸರಿಗೆ ಬಳಸುವ 409 ದರ್ಜೆಗೂ ಗಟ್ಟಿಯಾಗಿ ಅಂಟುತ್ತದೆ. ನನ್ನ ಕಿಟ್ಟಿನ ಹೊರ ಸಿಲಿಂಡರಿಗೆ ಅದು ಅಂಟಲಿಲ್ಲ; ಒಳಬರುವ ಪೈಪು, ರಿಡ್ಯೂಸರ್, ಕ್ಲ್ಯಾಂಪ್ ಎಲ್ಲಕ್ಕೂ ಟಕ್ಕೆಂದು ಕಚ್ಚಿಕೊಂಡಿತು. ಅಂದರೆ ಕಣ್ಣಿಗೆ ಕಾಣುವ ಭಾಗ ಮಾತ್ರ ಒಳ್ಳೆಯ ಲೋಹ, ತುಕ್ಕು ಹಿಡಿಯುವ ಕೀಲುಗಳೆಲ್ಲ ಸಾಧಾರಣದವು. 409 ಅಗ್ಗದ್ದಾದರೂ ಈ ಕೆಲಸಕ್ಕೆಂದೇ ಬಳಕೆಯಲ್ಲಿರುವ ಉಕ್ಕು, ಅದನ್ನೇ ಕೊಟ್ಟಿದ್ದರೂ ನನ್ನ ಆಕ್ಷೇಪವಿರಲಿಲ್ಲ. ಇಲ್ಲಿ ಕೊಟ್ಟಿರುವುದು ಬಣ್ಣ ಬಳಿದ ಸಾದಾ ಕಬ್ಬಿಣ.

ಟಾರ್ಚ್ ಹಾಕಿ ಒಳಗೆ ನೋಡಿದರೆ ಈ ಅಗ್ಗದ ಕೆಲಸ ಇನ್ನೂ ಸ್ಪಷ್ಟವಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹೋಗುವ ತೂತು ತೂತಾದ ಕೊಳವೆ, ಅದರ ಸುತ್ತ ತುಂಬಿದ ಗಾಜಿನ ಉಣ್ಣೆ, ಅದರ ಹೊರಗೆ ಡಬ್ಬಿ, ರಚನೆ ಇಷ್ಟೇ. ಒಳ್ಳೆಯ ಮಫ್ಲರುಗಳಲ್ಲಿ ಕೊಳವೆಗೂ ಗಾಜಿನ ಉಣ್ಣೆಗೂ ನಡುವೆ ಸ್ಟೇನ್‌ಲೆಸ್ ತಂತಿಯ ಒಂದು ಪದರ ಇರುತ್ತದೆ, ಬಿಸಿ ಅನಿಲ ಉಣ್ಣೆಯನ್ನು ಎಳೆಎಳೆಯಾಗಿ ಕಿತ್ತೊಯ್ಯದಿರಲೆಂದು. ಇದರಲ್ಲಿ ಆ ಪದರವಿಲ್ಲ. ಹೊಚ್ಚಹೊಸದರಲ್ಲೇ ಕೆಲವು ತೂತುಗಳಿಂದ ಬಿಳಿಯ ಎಳೆಗಳು ಹೊರಗೆ ಇಣುಕುತ್ತಿದ್ದವು. ಒಳಬರುವ ಪೈಪು ಡಬ್ಬಿಗೆ ಸೇರುವ ಕಡೆ ವೆಲ್ಡಿಂಗಿನ ಗಂಟೊಂದು ಒಳಮುಖವಾಗಿ ಉಬ್ಬಿತ್ತು. ಅನಿಲಕ್ಕೆ ಅಡ್ಡಿಯಿಲ್ಲದ ದಾರಿ ಎಂದು ಹೆಸರಿಟ್ಟುಕೊಂಡ ವಸ್ತುವಿನಲ್ಲಿ ದಾರಿಗೆ ಅಡ್ಡ ನಿಂತಿದ್ದ ಆ ಗಂಟನ್ನು ಅರದಿಂದ ಉಜ್ಜಿ ನಾನೇ ಸಮ ಮಾಡಬೇಕಾಯಿತು.

ಕಾರಿನ ಜೊತೆ ಬರುವ ಸೈಲೆನ್ಸರ್ ಕೆಲಸ ಮಾಡುವ ಬಗೆಯೇ ಬೇರೆ. ಅದರೊಳಗೆ ಎರಡು ಮೂರು ಕೋಣೆಗಳಿದ್ದು, ಅನಿಲ ಒಂದರಿಂದ ಇನ್ನೊಂದಕ್ಕೆ ಹಿಂದೆ ಮುಂದೆ ತಿರುಗಿ ಹೋಗುವಾಗ ಸದ್ದಿನ ಅಲೆಗಳು ಗೋಡೆಗಳಿಗೆ ಬಡಿದು ಹಿಂದಿರುಗಿ ಪರಸ್ಪರ ತಗ್ಗಿಸಿಕೊಳ್ಳುತ್ತವೆ. ಕೋಣೆಗಳ ಅಳತೆಯನ್ನು ಆಯಾ ಎಂಜಿನ್ನಿಗೆ ತಕ್ಕಂತೆ ಲೆಕ್ಕ ಹಾಕಿ ಇಟ್ಟಿರುವುದರಿಂದ, ತಡೆಯಲು ಅತಿ ಕಷ್ಟವಾದ ತಗ್ಗಿನ ಕಂಪನಗಳು ಅಲ್ಲಿಯೇ ಅಡಗುತ್ತವೆ. ಗಾಜಿನ ಉಣ್ಣೆಯಾದರೋ ಮೇಲು ಸ್ಥಾಯಿಯ ಕರ್ಕಶ ಸದ್ದನ್ನು ಚೆನ್ನಾಗಿ ಹೀರುತ್ತದೆ, ತಗ್ಗಿನ ಮೊರೆತವನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ಫ್ರೀ-ಫ್ಲೋ ಹಾಕಿದ ಕಾರಿನ ಸದ್ದು ‘ದಪ್ಪ’ವಾಗಿ ಕೇಳುವುದಕ್ಕೆ ಕಾರಣ ಇದೇ, ಮುಂದೆ ಹೇಳಲಿರುವ ತಲೆನೋವಿಗೆ ಕಾರಣವೂ ಇದೇ.

ಕೂರಿಸುವ ಕೆಲಸಕ್ಕೆ ಬರುತ್ತೇನೆ. ‘ಮನೆಯಲ್ಲೇ ಮಾಡಿಕೊಳ್ಳಬಹುದು’ ಎಂಬ ಮಾತು ಅರ್ಧ ನಿಜ. ಪೆಟ್ಟಿಗೆಯ ಮೇಲಿನ ಚಿತ್ರದ ಪ್ರಕಾರ ಕಾರಿನ ಮೂಲ ಸೈಲೆನ್ಸರನ್ನು ಕತ್ತರಿಸಿ, ಉಳಿದ ಪೈಪಿಗೆ ಹೊಸದನ್ನು ಸಿಕ್ಕಿಸಿ ಕ್ಲ್ಯಾಂಪ್ ಬಿಗಿಯಬೇಕು. ಹಾಗೆ ಮಾಡಿದರೆ ಹಿಂದಕ್ಕೆ ದಾರಿಯಿಲ್ಲ. ಇದರ ಬದಲು ನಾನು ಗುಜರಿ ಅಂಗಡಿಯಿಂದ ಅದೇ ಮಾದರಿಯ ಹಳೆಯ ಹಿಂಭಾಗವೊಂದನ್ನು ತಂದು, ಅದರ ಡಬ್ಬಿಯನ್ನು ಕತ್ತರಿಸಿ ತೆಗೆದು, ಫ್ಲೇಂಜ್ (ಬೋಲ್ಟಿನಿಂದ ಜೋಡಿಸುವ ಚಪ್ಪಟೆ ಅಂಚು) ಇರುವ ಪೈಪನ್ನು ಮಾತ್ರ ಉಳಿಸಿಕೊಂಡು ಅದಕ್ಕೆ ಹೊಸ ಮಫ್ಲರನ್ನು ಜೋಡಿಸಿದೆ. ಹೀಗಾಗಿ ಕಾರಿನ ಮೂಲ ಭಾಗ ಇಡಿಯಾಗಿ ಉಳಿಯಿತು. ಫ್ಲೇಂಜಿನ ಎರಡು ಸ್ಪ್ರಿಂಗ್ ಬೋಲ್ಟ್ ಬಿಚ್ಚಿ, ರಬ್ಬರುಗಳಿಂದ ಕಳಚಿದರೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಬಹುದು. ಈ ಕಿಟ್ಟನ್ನು ಕೊಳ್ಳಲೇಬೇಕೆಂದು ತೀರ್ಮಾನಿಸಿದವರು ಬೇರೇನನ್ನು ಬಿಟ್ಟರೂ ಈ ಒಂದು ಕ್ರಮವನ್ನು ಬಿಡಬಾರದು.

ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ, ಸಮತಟ್ಟಾದ ಗಟ್ಟಿ ನೆಲದ ಮೇಲೆ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಎತ್ತಿ ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಿಯೇ ಕೆಳಗೆ ನುಸುಳಬೇಕು. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದೊಂದನ್ನೇ ನಂಬಿ, ಇಲ್ಲವೇ ಸಿಮೆಂಟ್ ಇಟ್ಟಿಗೆಗಳನ್ನು ಪೇರಿಸಿ ಕೆಳಗೆ ಮಲಗುವುದು ಜೀವದ ಜೊತೆ ಆಟ. ತುಕ್ಕು ಹಿಡಿದ ಸ್ಪ್ರಿಂಗ್ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಬೇಕು, ಆತುರಪಟ್ಟು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುಗಿಸಿದರೆ ತಲೆ ಮುರಿಯುತ್ತದೆ. ತೂಗುರಬ್ಬರುಗಳಿಗೆ ಸೋಪಿನ ನೀರು ಹಚ್ಚಿದರೆ ಸಲೀಸಾಗಿ ಜಾರುತ್ತವೆ. ಎಣ್ಣೆ ಹಚ್ಚಿದರೆ ರಬ್ಬರು ಕೆಡುತ್ತದೆ. ಫ್ಲೇಂಜಿನ ನಡುವಿನ ಉಂಗುರದಂಥ ಗ್ಯಾಸ್ಕೆಟನ್ನು ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು.

ಅಳತೆ ಹೊಂದಿಸುವಲ್ಲಿ ‘ಯೂನಿವರ್ಸಲ್’ ಎಂಬ ಹೆಸರಿನ ಬಣ್ಣ ಬಯಲಾಗುತ್ತದೆ. ಕಿಟ್ಟಿನ ಒಳಬಾಯಿ 2 ಇಂಚು, ಅಂದರೆ ಸುಮಾರು 51 ಮಿಲಿಮೀಟರ್. ಸಣ್ಣ ಕಾರಿನ ಪೈಪು ಅದಕ್ಕಿಂತ ಸಾಕಷ್ಟು ಕಿರಿದು. ರಿಡ್ಯೂಸರ್ ಹಾಕಿದ ಮೇಲೂ ನನ್ನ ಪೈಪಿನ ಸುತ್ತ ಉಗುರು ತೂರುವಷ್ಟು ಸಂದು ಉಳಿಯಿತು. ಯು-ಬೋಲ್ಟನ್ನು ಎಷ್ಟು ಬಿಗಿದರೂ ಅದು ಪೈಪನ್ನು ಎರಡು ಕಡೆ ಚಪ್ಪಟೆ ಮಾಡುತ್ತದೆಯೇ ಹೊರತು ಸುತ್ತಲೂ ಮುಚ್ಚುವುದಿಲ್ಲ. ಎಕ್ಸಾಸ್ಟ್ ಪೇಸ್ಟ್ ಮೆತ್ತಿದರೆ ಕೆಲವು ದಿನ ನಿಲ್ಲುತ್ತದೆ, ರಸ್ತೆಯ ಉಬ್ಬಿನ ಮೇಲೆ ಕುಲುಕಿದಾಗ ಬಿರುಕು ಬಿಡುತ್ತದೆ. ಕೊನೆಗೆ ಜೋಡಿಸಿದ ಭಾಗವನ್ನು ಕಾರಿನಿಂದ ಹೊರಗೆ ತೆಗೆದು, ವೆಲ್ಡಿಂಗ್ ಅಂಗಡಿಗೆ ಒಯ್ದು ಸುತ್ತಲೂ ವೆಲ್ಡ್ ಮಾಡಿಸಿದೆ. ಹೊರಗೆ ತೆಗೆದು ಎಂಬುದನ್ನು ಒತ್ತಿ ಹೇಳುತ್ತೇನೆ: ಅನೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕು ಈ ಪೈಪಿನಿಂದ ಗೇಣು ದೂರದಲ್ಲಿರುತ್ತದೆ, ಕಾರಿನಡಿಯಲ್ಲೇ ವೆಲ್ಡ್ ಮಾಡಿಸುವುದು ಸಲ್ಲದು.

ಸಂದು ಮುಚ್ಚುವುದು ಸದ್ದಿನ ಶುದ್ಧಿಗಾಗಿ ಮಾತ್ರವಲ್ಲ. ಕಾರಿನಡಿಯಲ್ಲಿ ಸೋರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡಿಕ್ಕಿಯ ಬಾಗಿಲಿನ ರಬ್ಬರಿನ ಸಂದಿನಿಂದ, ನೆಲದ ತೂತುಗಳಿಂದ ಅದು ಒಳಬರಬಲ್ಲದು. ಅದೇ ಕಾರಣಕ್ಕೆ ತುದಿ ಬಂಪರಿನ ಅಂಚನ್ನು ದಾಟಿ ಹೊರಗೆ ಬರಲೇಬೇಕು. ಪರೀಕ್ಷೆ ಸುಲಭ: ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ತುದಿಯನ್ನು ಕ್ಷಣಕಾಲ ಅರೆಮುಚ್ಚಿದರೆ, ಜೋಡಣೆಗಳಿಗೆ ಹಚ್ಚಿದ ಸೋಪಿನ ನೀರು ಸೋರುವಲ್ಲೆಲ್ಲ ಗುಳ್ಳೆಗಟ್ಟುತ್ತದೆ. ಇದನ್ನು ಬಯಲಿನಲ್ಲಿ ಮಾಡಬೇಕು, ಮುಚ್ಚಿದ ಗ್ಯಾರೇಜಿನಲ್ಲಿ ಖಂಡಿತ ಅಲ್ಲ.

ಇನ್ನು ಸದ್ದು. ಹೊರಗೆ ನಿಂತು ಕೇಳುವವರಿಗೆ, ನಿಜವಾಗಿ ಹೇಳಬೇಕೆಂದರೆ, ಚೆನ್ನಾಗಿದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಒಂದು ಗಂಭೀರವಾದ ಗುಡುಗು, ಐಡ್ಲಿಂಗಿನಲ್ಲಿ ಮಂದವಾದ ಬುರುಬುರು, ಎರಡನೆಯ ಗೇರಿನಲ್ಲಿ ಎಳೆದಾಗ ಒಂದೇ ಸಮನೆ ಏರುವ ಮೊರೆತ. ಬಿರಡೆ ಹಾಕಿದ್ದಾಗ ಸದ್ದು ಮೂಲದ್ದಕ್ಕಿಂತ ತುಸು ಮಾತ್ರ ದಪ್ಪ. ತೆಗೆದಾಗ ಮುಂದಿನ ಸಿಗ್ನಲಿನಲ್ಲಿ ನಿಂತವರು ತಿರುಗಿ ನೋಡುವಷ್ಟು. ಆದರೆ 4,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ದಾಟಿದ ಮೇಲೆ ಸದ್ದು ಗಂಟಲು ಬಿಟ್ಟು ಮೂಗಿಗೆ ಏರುತ್ತದೆ, ದಪ್ಪ ಹೋಗಿ ಕರ್ಕಶ ಉಳಿಯುತ್ತದೆ. ನಾಲ್ಕು ಸಿಲಿಂಡರಿನ ಸಣ್ಣ ಎಂಜಿನ್ನಿನ ಸ್ವಭಾವವೇ ಅದು. ಯಾವ ಮಫ್ಲರನ್ನು ಹಾಕಿದರೂ ಅದು ಎಂಟು ಸಿಲಿಂಡರಿನ ವಿ-8 ಆಗುವುದಿಲ್ಲ, ಏಕೆಂದರೆ ಸದ್ದಿನ ಗುಣವನ್ನು ನಿರ್ಧರಿಸುವುದು ಸಿಲಿಂಡರುಗಳು ಎಷ್ಟು, ಯಾವ ಅಂತರದಲ್ಲಿ ಸಿಡಿಯುತ್ತವೆ ಎಂಬುದು.

ಕಿಟಕಿ ಮುಚ್ಚಿ ಹೆದ್ದಾರಿಗೆ ಇಳಿದರೆ ಕಥೆ ಬದಲಾಗುತ್ತದೆ. ಐದನೆಯ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರ್ ಆಸುಪಾಸಿನಲ್ಲಿ, ಎಂಜಿನ್ 2,300 ಆರ್‌ಪಿಎಂ ಹತ್ತಿರ ತಿರುಗುವಾಗ, ಕಾರಿನೊಳಗೆ ಒಂದು ನಿರಂತರ ಗುಂಯ್‌ಗಾರ ಶುರುವಾಗುತ್ತದೆ. ಅದು ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ, ಕುತ್ತಿಗೆಯ ಹಿಂಭಾಗಕ್ಕೆ ತಾಗುತ್ತದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ ರಾಮನಗರ ದಾಟುವ ಹೊತ್ತಿಗೆ, “ಏನೋ ಇದು, ಒಂದೇ ಸಮ ಗುಂಯ್ ಅಂತಿದೆ, ಗಾಡೀನ ಗ್ಯಾರೇಜಿಗೆ ತೋರಿಸೋ” ಎಂದರು. ಹಾಡು ಜೋರು ಮಾಡಿದರೂ ಅದು ಮುಚ್ಚಿಹೋಗುವುದಿಲ್ಲ. ಹಾಡಿನ ತಗ್ಗಿನ ಸ್ವರಗಳನ್ನೆಲ್ಲ ಅದೇ ನುಂಗುತ್ತದೆ.

ಇದರ ಲೆಕ್ಕ ಸರಳವಾಗಿದೆ. ನಾಲ್ಕು ಸಿಲಿಂಡರಿನ ನಾಲ್ಕು-ಹೊಡೆತದ (ಫೋರ್-ಸ್ಟ್ರೋಕ್) ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಿಡಿತಗಳಾಗುತ್ತವೆ. 2,300 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 38 ಸುತ್ತು, 77 ಸಿಡಿತ. ಅಂದರೆ ಸೈಲೆನ್ಸರಿನಿಂದ ಹೊರಡುವ ಮುಖ್ಯ ಸ್ವರ 77 ಹರ್ಟ್ಸ್. ಮುಚ್ಚಿದ ಕಾರಿನೊಳಗಿನ ಗಾಳಿಯೂ ಒಂದು ಪೆಟ್ಟಿಗೆಯೊಳಗಿನ ಗಾಳಿಯೇ, ಅದಕ್ಕೂ ತನ್ನದೇ ಸ್ವರವಿರುತ್ತದೆ. ಎರಡೂಕಾಲರಿಂದ ಎರಡೂವರೆ ಮೀಟರ್ ಉದ್ದದ ಕ್ಯಾಬಿನ್ನಿಗೆ ಅದು ಸುಮಾರು 70ರಿಂದ 75 ಹರ್ಟ್ಸ್. ಎರಡೂ ಹತ್ತಿರ ಬಂದಾಗ ಕಾರೇ ತಂಬೂರಿಯ ಬುರುಡೆಯಾಗುತ್ತದೆ. ವೇಗವನ್ನು 100ಕ್ಕೆ ಏರಿಸಿದರೆ ಸ್ವರ 96 ಹರ್ಟ್ಸ್ ಆಸುಪಾಸಿಗೆ ಹೋಗಿ ಗುಂಯ್‌ಗಾರ ಕಡಿಮೆಯಾಗುತ್ತದೆ, 60ಕ್ಕೆ ಇಳಿಸಿದರೂ ಕಡಿಮೆಯಾಗುತ್ತದೆ. ದುರದೃಷ್ಟವೆಂದರೆ ನಮ್ಮ ರಾಜ್ಯ ಹೆದ್ದಾರಿಗಳಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ವೇಗವೇ ಅವೆರಡರ ನಡುವಿನದು.

ಫೋನಿನ ಡೆಸಿಬೆಲ್ ಆ್ಯಪ್ ಹಿಡಿದು “ಒಳಗೆ ಮೂರೇ ಡೆಸಿಬೆಲ್ ಜಾಸ್ತಿ, ಅದೇನು ಮಹಾ” ಎನ್ನುವವರಿದ್ದಾರೆ. ನನ್ನ ಫೋನೂ ಮೊದಲು ಅಷ್ಟೇ ತೋರಿಸಿತು. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ‘ಎ’ ತೂಕದ ಅಳತೆಯನ್ನು ತೋರಿಸುತ್ತವೆ. ಮನುಷ್ಯರ ಕಿವಿಗೆ ತಗ್ಗಿನ ಸ್ವರಗಳು ಮಂದವಾಗಿ ಕೇಳುತ್ತವೆ ಎಂಬ ಆಧಾರದ ಮೇಲೆ ಆ ಅಳತೆ 80 ಹರ್ಟ್ಸ್‌ನ ಸದ್ದಿನಲ್ಲಿ 22 ಡೆಸಿಬೆಲ್‌ಗೂ ಹೆಚ್ಚನ್ನು ಕಳೆದುಬಿಡುತ್ತದೆ. ಅದೇ ಆ್ಯಪ್‌ನಲ್ಲಿ ತಗ್ಗಿನ ಸ್ವರಗಳನ್ನು ಅಷ್ಟಾಗಿ ಕಳೆಯದ ‘ಸಿ’ ತೂಕಕ್ಕೆ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ನೋಡಿದಾಗ ಮೂಲ ಸೈಲೆನ್ಸರಿಗೂ ಇದಕ್ಕೂ ನಡುವಿನ ಅಂತರ ಹತ್ತರ ಹತ್ತಿರ ಬಂತು. ಫೋನಿನ ಅಂಕಿಗಳು ಸ್ವತಃ ನಂಬಿಕೆಗೆ ಅರ್ಹವಲ್ಲ. ಒಂದೇ ಫೋನಿನಲ್ಲಿ ತೆಗೆದ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಹೇಳುತ್ತಿದ್ದೇನೆ.

ಗುಂಯ್‌ಗಾರಕ್ಕೆ ಮದ್ದಿಲ್ಲವೆಂದಲ್ಲ. ಬಿರಡೆ ಹಾಕಿದರೆ ಒಟ್ಟು ಸದ್ದು ಇಳಿಯುತ್ತದೆ, ಆದರೆ ಗುಂಯ್‌ಗಾರ ಮಾತ್ರ ಅದೇ ವೇಗದಲ್ಲಿ, ಸ್ವಲ್ಪ ಮೆಲ್ಲಗೆ, ಇದ್ದೇ ಇರುತ್ತದೆ. ಶಾಸ್ತ್ರೀಯವಾದ ಮದ್ದೆಂದರೆ ಪೈಪಿಗೆ ಒಂದು ಕವಲು ಕೊಳವೆ ಜೋಡಿಸಿ ಅದರ ತುದಿ ಮುಚ್ಚುವುದು: ಸದ್ದಿನ ಅಲೆಯ ಉದ್ದದ ಕಾಲುಭಾಗದಷ್ಟು ಉದ್ದವಿದ್ದರೆ, ಒಳಹೋದ ಅಲೆ ತಿರುಗಿ ಬಂದು ಮೂಲ ಅಲೆಯನ್ನು ಅಳಿಸುತ್ತದೆ. ಅಮೆರಿಕದ ದೊಡ್ಡ ಪಿಕಪ್ಪುಗಳ, ಮಸ್ಟ್ಯಾಂಗ್‌ನಂಥ ಕಾರುಗಳ ಒಡೆಯರು ಇದನ್ನು ‘ಜೆ-ಪೈಪ್’ ಎಂದು ಕರೆದು ಹಾಕಿಕೊಳ್ಳುತ್ತಾರೆ. ಬಿಸಿ ಅನಿಲದಲ್ಲಿ ಶಬ್ದದ ವೇಗ ಹೆಚ್ಚು. 200–300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ 430ರಿಂದ 480 ಮೀಟರ್. ಆ ಲೆಕ್ಕದಲ್ಲಿ 80 ಹರ್ಟ್ಸ್ ಅಳಿಸಲು ಒಂದೂಕಾಲು ಮೀಟರ್ ದಾಟಿ ಒಂದೂವರೆ ಮೀಟರ್‌ವರೆಗಿನ ಕೊಳವೆ ಬೇಕು. ಒಂದು ಪಕ್ಕ ಸ್ಪೇರ್ ಚಕ್ರದ ಗುಂಡಿ, ಇನ್ನೊಂದು ಪಕ್ಕ ಪೆಟ್ರೋಲ್ ಟ್ಯಾಂಕು ಇರುವ ಹ್ಯಾಚ್‌ಬ್ಯಾಕ್‌ನ ಅಡಿಯಲ್ಲಿ ಅಷ್ಟು ಉದ್ದದ ಪೈಪನ್ನು ರಸ್ತೆಯ ಉಬ್ಬಿಗೆ ತಾಗದಂತೆ ಎಲ್ಲಿ ಸುತ್ತುವುದು? ಸಾಧ್ಯವಿರುವ ದಾರಿ, ಮಧ್ಯಭಾಗದಲ್ಲಿರುವ ಕಾರಿನ ಮೂಲ ರೆಸೊನೇಟರನ್ನು (ಗುಂಯ್‌ಗಾರ ತಗ್ಗಿಸುವ ಇನ್ನೊಂದು ಡಬ್ಬಿ) ಮುಟ್ಟದೆ ಬಿಡುವುದು. “ಅದನ್ನೂ ತೆಗೆದು ನೇರ ಪೈಪ್ ಹಾಕಿದರೆ ಸೂಪರ್ ಸೌಂಡ್ ಬರುತ್ತೆ ಸಾರ್” ಎಂದು ಅಂಗಡಿಯಲ್ಲಿ ನನಗೂ ಹೇಳಿದರು. ರೆಸೊನೇಟರ್ ಇದ್ದೂ ಇಷ್ಟು ಗುಂಯ್‌ಗುಡುವ ಕಾರು ಅದಿಲ್ಲದೆ ಹೇಗಿರುತ್ತದೆ ಎಂಬುದನ್ನು ತಿಳಿಯುವ ಕುತೂಹಲ ನನಗೆ ಹುಟ್ಟಲಿಲ್ಲ.

ಶಕ್ತಿಯ ವಿಷಯ ಬೇಗ ಮುಗಿಸುತ್ತೇನೆ. ಪೆಟ್ಟಿಗೆಯ ಮೇಲೆ 5 ಬಿಎಚ್‌ಪಿ ಹೆಚ್ಚಳವೆಂದು ಬರೆದಿದೆ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನಲ್ಲಿ ಹೊಗೆಗೆ ಎದುರಾಗುವ ಮುಖ್ಯ ತಡೆಗಳು ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಭಾಗ) ಮತ್ತು ಕೆಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಡಬ್ಬಿ). ಅವೆರಡನ್ನೂ ದಾಟಿ, ತಣಿದು, ಕಟ್ಟಕಡೆಗೆ ಬಂದ ಅನಿಲದ ದಾರಿಯನ್ನು ಅಗಲ ಮಾಡಿದರೆ ಹೇಳಿಕೊಳ್ಳುವಂಥದ್ದೇನೂ ಸಿಗದು. ಮೈಲೇಜಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಸದ್ದು ಹೆಚ್ಚಾದಾಗ ಕಾರು ಚುರುಕಾಗಿದೆ ಎಂದು ಅನಿಸುವುದು ಮಾತ್ರ ನಿಜ, ಆ ಭ್ರಮೆಯಿಂದ ಕಾಲು ಭಾರವಾಗಿ ಪೆಟ್ರೋಲು ಹೆಚ್ಚು ಸುಡುವುದೂ ನಿಜ. ಒಂದು ಸಮಾಧಾನವೆಂದರೆ, ಆಕ್ಸಿಜನ್ ಸೆನ್ಸರುಗಳು ಕನ್ವರ್ಟರಿನ ಹಿಂದುಮುಂದೆಯೇ ಇರುವುದರಿಂದ ಹಿಂದಿನ ಮಫ್ಲರ್ ಬದಲಿಸಿದರೆ ಎಂಜಿನ್ ದೀಪ ಹೊತ್ತಿಕೊಳ್ಳುವುದಿಲ್ಲ. ಕನ್ವರ್ಟರನ್ನೇ ಕಿತ್ತು ಸದ್ದು ಮಾಡುವವರ ಮಾತು ಬೇರೆ. ಅದು ವಿಷದ ಹೊಗೆಯನ್ನು ಊರಿನ ಮೂಗಿಗೆ ಬಿಡುವ ಕೆಲಸ, ಅದನ್ನು ಇಲ್ಲಿ ಮಾರ್ಪಾಡು ಎಂದು ಪರಿಗಣಿಸಲು ಸಿದ್ಧನಿಲ್ಲ.

ಅಂಗಡಿಯವರು ಹೇಳುವ ಇನ್ನೊಂದು ಮಾತನ್ನು ವಿವರವಾಗಿ ನೋಡಬೇಕು: “ಇದು ಕಾನೂನಿನ ಒಳಗೇ ಇದೆ, ಬಿರಡೆ ಹಾಕಿದರೆ ಯಾರೂ ಕೇಳುವುದಿಲ್ಲ.” ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಬೇಕೆನ್ನುತ್ತದೆ. ಚಾಲಕನೂ ಸೇರಿ ಒಂಬತ್ತು ಆಸನಗಳವರೆಗಿನ ಕಾರುಗಳು ತಯಾರಾಗುವ ಹಂತದಲ್ಲಿ ಮೀರಬಾರದ ಸದ್ದಿನ ಮಿತಿ 74 ಡೆಸಿಬೆಲ್. ಆದರೆ ಈ 74ನ್ನು ಅಳೆಯುವುದು ಸೈಲೆನ್ಸರಿನ ಬಾಯಿಗೆ ಮೀಟರ್ ಹಿಡಿದಲ್ಲ. ಕಾರು ವೇಗ ಹೆಚ್ಚಿಸುತ್ತ ಹಾದುಹೋಗುವಾಗ ಅದರ ನಡುರೇಖೆಯಿಂದ ಏಳೂವರೆ ಮೀಟರ್ ದೂರದಲ್ಲಿ ಇಟ್ಟ ಮೈಕಿನಿಂದ. ಹಾಗಾಗಿ ಅಂಗಡಿಯ ಮುಂದೆ ತೋರಿಸುವ ಮೀಟರಿನ ಅಂಕಿಗೂ ಕಾನೂನಿನ ಅಂಕಿಗೂ ಸಂಬಂಧವೇ ಇಲ್ಲ, ಮತ್ತು ಹೆಸರಿಲ್ಲದ ಈ ಕಿಟ್ಟಿನ ಜೊತೆ ಅಂಥ ಪರೀಕ್ಷೆಯ ಯಾವ ಪ್ರಮಾಣಪತ್ರವೂ ಬರುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ಆಗಬಹುದು. ಶಬ್ದದ ಮಾನದಂಡವನ್ನು ಮೀರಿ ಓಡಿಸಿದವರಿಗೆ 190(2)ನೆಯ ಕಲಂ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳ ಮಟ್ಟಿಗೆ ಚಾಲನಾ ಪರವಾನಗಿಯ ಅನರ್ಹತೆ. ಪೊಲೀಸರು ಬೈಕುಗಳ ಸೈಲೆನ್ಸರುಗಳನ್ನು ಬಿಚ್ಚಿಸಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಕಾರುಗಳು ಅಷ್ಟಾಗಿ ಸಿಕ್ಕಿಬೀಳುವುದಿಲ್ಲ ಎಂಬುದು ನಿಜವಿರಬಹುದು, ಅದನ್ನು ಉತ್ಪನ್ನದ ಗುಣವೆಂದು ಎಣಿಸಲಾಗದು. ಹೊಗೆ ತಪಾಸಣೆಯ ಚೀಟಿ ಸಿಕ್ಕಿದರೆ ಎಲ್ಲ ಸರಿಯಾಯಿತು ಎಂದುಕೊಳ್ಳುವವರೂ ಇದ್ದಾರೆ. ಆ ತಪಾಸಣೆಯಲ್ಲಿ ಸದ್ದನ್ನು ಅಳೆಯುವುದೇ ಇಲ್ಲ.

ಕಾನೂನಿನ ಮಾತು ಒತ್ತಟ್ಟಿಗಿರಲಿ, ನೆರೆಹೊರೆಯ ಲೆಕ್ಕವೂ ಇದೆ. ವಸತಿ ಪ್ರದೇಶಕ್ಕೆ ಗೊತ್ತುಪಡಿಸಿರುವ ಶಬ್ದದ ಮಟ್ಟ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್. ಬಿರಡೆ ತೆಗೆದ ಈ ಸೈಲೆನ್ಸರಿನೊಂದಿಗೆ ಬೆಳಗಿನ ಐದೂವರೆಗೆ ಊರಿಗೆ ಹೊರಟರೆ ಇಡೀ ಅಡ್ಡರಸ್ತೆಗೆ ನಿಮ್ಮ ಪ್ರಯಾಣದ ವಿವರ ತಿಳಿಯುತ್ತದೆ. ಎಂಜಿನ್ ತಣ್ಣಗಿರುವಾಗ ಐಡ್ಲಿಂಗ್ ವೇಗ ಹೆಚ್ಚಿರುವುದರಿಂದ ಆ ಮೊದಲ ನಿಮಿಷವೇ ಅತಿ ಗದ್ದಲದ್ದು.

ಓಡಿಸುವವರಿಗೆ ಮಾತ್ರ ಸದ್ದು ಬೇಕಿದ್ದರೆ ಇದಕ್ಕಿಂತ ಸೊಗಸಾದ ದಾರಿ ಎಂಜಿನ್ನಿನ ಮುಂಭಾಗದಲ್ಲಿದೆ. ಗಾಳಿ ಒಳಗೆ ಹೋಗುವ ಪೈಪಿಗೆ ಕಂಪನಿಯವರು ಒಂದು ಪ್ಲಾಸ್ಟಿಕ್ ಡಬ್ಬಿ ಜೋಡಿಸಿರುತ್ತಾರೆ, ಒಳಸೆಳೆತದ ಸದ್ದನ್ನು ಅಡಗಿಸಲೆಂದು. ಕೆಲವು ಕಾರುಗಳಲ್ಲಿ ಏರ್ ಫಿಲ್ಟರಿಗೂ ಮೊದಲು ಬರುವ ಈ ಡಬ್ಬಿಯನ್ನು ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ, ಅದು ಕೂತಿದ್ದ ಕಡೆ ಪೈಪಿನಲ್ಲಿ ಉಳಿಯುವ ತೂತನ್ನು ಭದ್ರವಾಗಿ ಮುಚ್ಚಿದರೆ, ಆಕ್ಸಲರೇಟರ್ ಒತ್ತಿದಾಗ ಮಾತ್ರ ಡ್ಯಾಶ್‌ಬೋರ್ಡಿನ ಕಡೆಯಿಂದ ಒಂದು ಆಳವಾದ ಮೊರೆತ ಕೇಳುತ್ತದೆ. ಕಾಲು ತೆಗೆದರೆ ನಿಲ್ಲುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ ಗುಂಯ್‌ಗಾರವಿಲ್ಲ, ಬೀದಿಯವರಿಗೆ ಹೆಚ್ಚೇನೂ ಕೇಳುವುದಿಲ್ಲ. ಫಿಲ್ಟರಿನ ನಂತರದ ಪೈಪನ್ನಾಗಲಿ ಅಲ್ಲಿನ ಸೆನ್ಸರನ್ನಾಗಲಿ ಮುಟ್ಟಕೂಡದು, ಆ ತೂತನ್ನು ತೆರೆದಿಟ್ಟು ಮಳೆನೀರಿಗೆ ದಾರಿ ಮಾಡಿಕೊಡಕೂಡದು. ಕಾರು ತಯಾರಕರೇ ಈ ಉಪಾಯ ಬಲ್ಲರು: ಫೋರ್ಡ್ ತನ್ನ ಫೋಕಸ್ ಎಸ್‌ಟಿ ಕಾರಿನಲ್ಲಿ ಒಳಸೆಳೆತದ ಸದ್ದನ್ನು ಕೊಳವೆಯ ಮೂಲಕ ಕ್ಯಾಬಿನ್ನಿಗೆ ತಂದಿತ್ತು, ಬಿಎಂಡಬ್ಲ್ಯು 2011ರಲ್ಲಿ ತಂದ ಎಂ5ನಲ್ಲಿ ಎಂಜಿನ್ನಿನ ಸದ್ದನ್ನು ಸ್ಪೀಕರುಗಳಲ್ಲೇ ನುಡಿಸಿ ಅಭಿಮಾನಿಗಳಿಂದ ಬೈಸಿಕೊಂಡಿತು. ಸೈಲೆನ್ಸರಿನ ಬಾಯಿಗೆ ಸಿಕ್ಕಿಸುವ ‘ಟರ್ಬೊ ವಿಸಿಲ್’ ಎಂಬ ಅಲ್ಯೂಮಿನಿಯಮ್ ಪೀಪಿಯೂ ಅದೇ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಬಗ್ಗೆ ಒಂದು ವಾಕ್ಯಕ್ಕಿಂತ ಹೆಚ್ಚು ಖರ್ಚು ಮಾಡಲಾರೆ.

ಬಾಳಿಕೆಯ ಬಗ್ಗೆ ಈಗಲೇ ಕಾಣುವುದನ್ನು ಹೇಳಬಹುದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ರಿಡ್ಯೂಸರಿನ ವೆಲ್ಡ್ ಸುತ್ತ ಕೆಂಪು ತುಕ್ಕು ಮೂಡಿದೆ, ಕ್ಲ್ಯಾಂಪಿನ ನಟ್ಟು-ಬೋಲ್ಟುಗಳು ಕಚ್ಚಿಕೊಂಡಿವೆ. ತುದಿಯ ಒಳಗೆ ಬೆರಳಾಡಿಸಿದರೆ ಮಸಿಯ ಜೊತೆ ಗಾಜಿನ ಎಳೆಗಳೂ ಬರುತ್ತವೆ, ಚರ್ಮಕ್ಕೆ ತುರಿಕೆಯಾಗುವುದರಿಂದ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಉಣ್ಣೆ ಖಾಲಿಯಾದಂತೆ ಸದ್ದು ಒರಟಾಗುತ್ತದೆ. ಡಬ್ಬಿಯನ್ನು ಸುತ್ತಲೂ ವೆಲ್ಡ್ ಮಾಡಿರುವುದರಿಂದ ಬಿಚ್ಚಿ ಮತ್ತೆ ತುಂಬುವ ಅವಕಾಶವಿಲ್ಲ. ರಿವೆಟ್ ಹಾಕಿದ ಮಫ್ಲರುಗಳಲ್ಲಿ ಆ ಅನುಕೂಲವಿರುತ್ತದೆ, ಕೊಳ್ಳುವಾಗ ಅಂಥದ್ದನ್ನೇ ಕೇಳಿ.

ಕಿಟ್ಟಿಗೆ 4,200 ರೂಪಾಯಿ ಕೊಟ್ಟೆ. ಗುಜರಿಯ ಪೈಪು, ಗ್ಯಾಸ್ಕೆಟ್, ವೆಲ್ಡಿಂಗ್ ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು. ಐದಕ್ಕೆ ಎರಡು ಅಂಕ ಕೊಡುತ್ತೇನೆ. ಆ ಎರಡೂ ಹೊರಗಿನ ಸದ್ದಿಗೆ. ಊರೊಳಗೆ ಓಡುವ ಸಾಮಾನ್ಯ ಕಾರಿಗೆ, ಅದರಲ್ಲೂ ಹಿಂದಿನ ಸೀಟಿನಲ್ಲಿ ಮಕ್ಕಳೋ ಹಿರಿಯರೋ ಕೂರುವ ಕಾರಿಗೆ ಇದು ಬೇಡ. ಆಟೋಕ್ರಾಸ್‌ನಂಥ ಮುಚ್ಚಿದ ಅಂಗಳದ ಸ್ಪರ್ಧೆಗಳಿಗೆ ಟ್ರೇಲರಿನ ಮೇಲೆ ಒಯ್ಯುವ ಕಾರು ನಿಮ್ಮಲ್ಲಿದ್ದರೆ ಈ ದರದಲ್ಲಿ ತಕ್ಕಮಟ್ಟಿಗೆ ಆಗಬಹುದು, ಆಗಲೂ ರಿಡ್ಯೂಸರುಗಳನ್ನು ಪಕ್ಕಕ್ಕೆಸೆದು ಸರಿಯಾದ ಅಳತೆಯ 409 ಪೈಪು ಹಾಕಿಸಿ. ಕೊಳ್ಳುವ ಮೊದಲು ಅಂಗಡಿಯ ಮುಂದಿನ ಕಾರನ್ನು ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ತೋರಿಸಿದರೆ ಒಪ್ಪಬೇಡಿ. ಹಿಂದಿನ ಸೀಟಿನಲ್ಲಿ ಕುಳಿತು, ಕಿಟಕಿ ಏರಿಸಿ, 2,000ದಿಂದ 2,800 ಆರ್‌ಪಿಎಂವರೆಗೆ ಐದನೆಯ ಗೇರಿನಲ್ಲಿ ಓಡಿಸಿ ತೋರಿಸಲು ಕೇಳಿ. ನನ್ನ ಕಾರಿನಲ್ಲಿ ಈಗ ಮೂಲ ಸೈಲೆನ್ಸರ್ ಮತ್ತೆ ಕೂತಿದೆ. ಕಿಟ್ಟು ಮಾರಾಟಕ್ಕಿಲ್ಲ, ಏಕೆಂದರೆ ಉಣ್ಣೆ ಉದುರುತ್ತಿರುವುದನ್ನು ಹೇಳದೆ ಮಾರಲಾರೆ, ಹೇಳಿದರೆ ಯಾರೂ ಕೊಳ್ಳಲಾರರು.